ಎಡಕಿವಿಯದ್ದು, ಬಲಕಿವಿಯದ್ದು

ಕರಾರು ಹನ್ನೊಂದು ಪುಟ.
ಏಳನೇ ಕಲಮಿನಲ್ಲಿ ನಿಂತುಬಿಟ್ಟೆ:
'ಪ್ರತಿ ಜೋಡಿಯ ಎರಡೂ ಓಲೆಗಳು
ತೂಕದಲ್ಲಿ, ಆಕಾರದಲ್ಲಿ, ಮೇಲ್ಮೈಯಲ್ಲಿ
ಒಂದೇ ತೆರನಾಗಿರತಕ್ಕದ್ದು.'

ಹೊರಗೆ ಭವಂತಿ ಬೀದಿಯಲ್ಲಿ ಯಾರೋ ಹಾರ್ನ್ ಒತ್ತುತ್ತಲೇ ಇದ್ದ.
ಪುಂಡಲೀಕ ಶೇಟರು ಊದುಗೊಳವೆ ಕೆಳಗಿಟ್ಟು
'ಎಂತ ಉಂಟು ಅದರಲ್ಲಿ, ಓದಿ ಹೇಳಿ' ಅಂದರು.
ಓದಿದೆ. ಅವರು ನಗಲಿಲ್ಲ.
ತಮ್ಮ ಎರಡೂ ಕಿವಿ ಮುಟ್ಟಿ ನೋಡಿಕೊಂಡರು.
ಒಂದು, ಐವತ್ತು ವರ್ಷ ಬೆಂಕಿಯ ಕಡೆಗಿದ್ದದ್ದು.
ಒಂದು ಗೋಡೆಯ ಕಡೆಗೆ.

ನಮ್ಮ ಅಚ್ಚಿನ ಸಂಗತಿ ಮುಂಬಯಿಯವರಿಗೆ ಹೇಗೆ ಹೇಳಲಿ?
ಧಕ್ಕೆಯಲ್ಲಿ ವಾರಿಜಕ್ಕ ಕಪ್ಪೆ ಬೊಂಡಾಸು ಕೊಯ್ಯುವಾಗ
ಕೈಗೆ ಮಸಿ, ಮೊಣಕೈಗೂ ಮಸಿ,
ಒಳಗಿನ ಬಿಳಿ ಎಲುಬನ್ನು ಎಳೆದು
ನನ್ನ ಚೀಲಕ್ಕೆ ಎಸೆಯುತ್ತಾಳೆ.
ಗ್ರಂಥಿಗೆ ಅಂಗಡಿಯಲ್ಲಿ ಇದಕ್ಕೆ ಸಮುದ್ರಫೇನ ಅಂತ ಹೆಸರು,
ಗಿಳಿ ಸಾಕುವವರೂ ಒಯ್ಯುತ್ತಾರೆ.
ಒಣಗಿದ ಮೇಲೆ ಉಗುರಿನಲ್ಲೂ ಕೊರೆಯಬಹುದು.
ಕರಗಿದ ಬೆಳ್ಳಿ ಹೊಯ್ದರೆ
ಎಲುಬಿನ ಒಂದೊಂದು ಗೆರೆಯೂ ಬೆಳ್ಳಿಯ ಮೇಲೆ,
ನೀರು ಇಳಿದಾಗ ತಣ್ಣೀರುಬಾವಿಯ ಮರಳಿನ ಹಾಗೆ.
ಅಚ್ಚು ಮತ್ತೆ ಬರೀ ಕರಕಲು.
ಒಂದು ಸಲ. ಅಷ್ಟೇ.
ಎರಡನೇ ಓಲೆಗೆ ಎರಡನೇ ಬೊಂಡಾಸು ಬೇಕು,
ಅದು ಬೆಳೆದ ಸಮುದ್ರ ಬೇರೆ.

ಸುಳ್ಳು ಹೇಳಬಾರದು, ಹರ್ಷಿಲ್ ಒಳ್ಳೆಯ ಹುಡುಗ.
ಅವನ ಬ್ರ್ಯಾಂಡ್ ಮುಂಗಡ ಕೊಟ್ಟದ್ದರಿಂದಲೇ
ಈ ಸಲ ಬೆಳ್ಳಿ ಕಿಲೋ ಲೆಕ್ಕದಲ್ಲಿ ಬಂತು.
ಇಲ್ಲದಿದ್ದರೆ ನಾನು ಇನ್ನೂ
ಕದ್ರಿಯ ಭಾನುವಾರದ ಸಂತೆಯಲ್ಲಿ
ಕೇಕಿನವಳಿಗೂ ಕಳ್ಳಿಗಿಡದವನಿಗೂ ನಡುವೆ
ಅರ್ಧ ಮೇಜು ಬಾಡಿಗೆ ಹಿಡಿದು
'ಇದು ನಿಜವಾದ ಬೆಳ್ಳಿಯಾ?' ಅಂದವರಿಗೆ
ಹೌದು, ಹೌದು ಅನ್ನುತ್ತ ಕೂತಿರುತ್ತಿದ್ದೆ.
ಅವರ ಡಬ್ಬಿ ಚೆಂದ. ಅವರ ಫೋಟೋದಲ್ಲಿ
ನನ್ನ ಓಲೆಯ ನೆರಳಿಗೂ ಬೆಲೆ ಇದ್ದ ಹಾಗೆ ಕಾಣುತ್ತದೆ.

ವಿಡಿಯೊ ಕರೆಯಲ್ಲಿ ಎರಡನ್ನೂ ಎತ್ತಿ ಹಿಡಿದೆ.
ತುಂಬ ಹೊತ್ತು ಸುಮ್ಮನಿದ್ದ; ನೆಟ್‌ವರ್ಕ್ ಹೋಯಿತೆಂದುಕೊಂಡೆ.
'ರಬ್ಬರ್ ಅಚ್ಚು ಮಾಡಿದರೆ?' ಅಂದ.
ಮಾಡಬಹುದು. ಇನ್ನೂರು ಜೋಡಿ, ಒಂದೇ ವಾರ.
'ಹಾಗಾದರೆ ಶೇಟರು ಬೇಡ, ನಾನೂ ಬೇಡ' ಅಂದೆ.
ಮಾತು ತುಸು ಖಾರವಾಯಿತು.
ಅವನು ಇಯರ್‌ಫೋನ್ ತೆಗೆದ, ಅಂಗಿಗೆ ಒರೆಸಿದ,
ಎಲ್ ಯಾವುದು, ಆರ್ ಯಾವುದು ಎಂದು ನೋಡಿ
ಪುನಃ ಹಾಕಿಕೊಳ್ಳಹೋದವನು
ಹಾಗೆಯೇ ಅದನ್ನು ನೋಡುತ್ತ ಉಳಿದ.

ಹೊಸ ಕರಾರು ಒಂಬತ್ತು ಪುಟ, ನಲವತ್ತೇ ಜೋಡಿ.
ಏಳನೇ ಕಲಮು: 'ಓಲೆಗಳು ಉದ್ದೇಶಪೂರ್ವಕವಾಗಿ ಭಿನ್ನ.'
ಶೇಟರು ಈಗ ನಕ್ಕರು, ಕೆಮ್ಮು ಬರುವಷ್ಟು:
'ಇದಕ್ಕೇ ಅಲ್ಲವಾ ನನ್ನಪ್ಪ ಇಕ್ಕಳದಲ್ಲಿ ಹೊಡೆದದ್ದು!
ಉದ್ದೇಶಪೂರ್ವಕ ಅಂತ ಹೇಳಲು ನನಗೆ ಗೊತ್ತಿರಲಿಲ್ಲ.'

ಡಬ್ಬಿಯ ಚೀಟಿಯಲ್ಲಿ ಒಂದೇ ಸಾಲಿಗೆ ಜಾಗ,
ಅಲ್ಲಿ ಲವೀನಾ ಕ್ರಾಸ್ತಾ ಅಂತ ಉಂಟು.
ಎರಡನೇ ಸಾಲು ಕೇಳಿದೆ. 'ಮುಂದಿನ ಸರಣಿಗೆ ನೋಡುವ' ಅಂದಿದ್ದಾರೆ.
ಶೇಟರಿಗೆ ಹೇಳಿದರೆ
'ನನ್ನ ಹೆಸರು ಕರೆಂಟು ಬಿಲ್ಲಿನಲ್ಲಿ ಉಂಟಲ್ಲ' ಅಂದು
ತಿರುಪಿಗೆ ಬೆಸುಗೆ ಇಡತೊಡಗಿದರು.
ಸಹಿ ಮಾಡಿದೆ. ಮಾಡಬಾರದಿತ್ತೋ ಏನೋ.

ನಮೂನೆಯ ಮೊದಲ ಜೋಡಿ ವಾಪಸು ಬಂದಿತ್ತು.
ಧಕ್ಕೆಗೆ ಒಯ್ದು ವಾರಿಜಕ್ಕನ ಮುಂದೆ ಹಿಡಿದೆ.
ಮಸಿಗೈಯಲ್ಲೇ ತಿರುಗಿಸಿ ನೋಡಿದಳು.
'ಇದರಲ್ಲಿ ಎಡದ್ದು ಯಾವುದು ಮಾರಾಯ್ತಿ?'

ನೋಡಿದೆ.
ನನಗೆ ಗೊತ್ತಿರಲಿಲ್ಲ.

ಒಂದನ್ನು ಯಾವುದೋ ಕಿವಿಗೆ ಸಿಕ್ಕಿಸಿಕೊಂಡಳು.
ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿ ಎದ್ದಳು:
ಬೋಟು ಬಂದಿತ್ತು.